ಎಸ್.ಎಸ್. ಗ್ರೇಟ್ ಬ್ರಿಟನ್, ಬ್ರಿಸ್ಟಲ್: ತಳದಿಂದ ನೋಡಲು ಶುರುಮಾಡಬೇಕಾದ ಹಡಗು

ಟಿಕೆಟ್ಟಿಗೆ ಕೊಟ್ಟ ದುಡ್ಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಇಲ್ಲಿ ಡ್ರೈ ಡಾಕ್‌ನ, ಎಂದರೆ ಹಡಗು ಕಟ್ಟಲು ನೀರು ಖಾಲಿ ಮಾಡಿದ ಕಲ್ಲಿನ ಹೊಂಡದ, ತಳದಲ್ಲೇ ವಸೂಲಾಗುತ್ತದೆ. ಮೇಲಿನ ಊಟದ ಹಾಲ್, ಫಸ್ಟ್ ಕ್ಲಾಸ್ ಕ್ಯಾಬಿನ್, ಅಡುಗೆಮನೆಯಲ್ಲಿ ಅಲುಗಾಡುವ ಯಂತ್ರದ ಇಲಿಗಳು ಎಲ್ಲವೂ ಚೆನ್ನಾಗಿಯೇ ಇವೆ. ಮಕ್ಕಳಿಗಂತೂ ಅಲ್ಲಿಂದ ಹೊರಡುವ ಮನಸ್ಸೇ ಬರುವುದಿಲ್ಲ. ಆದರೆ ಅವೆಲ್ಲ ಈ ಕಾಲದವರು ಮರಳಿ ಕಟ್ಟಿದ್ದು. 1843ರ ಕಬ್ಬಿಣ ಇರುವುದು ಕೆಳಗೆ. ವಿಕ್ಟೋರಿಯಾ ಕಾಲದ ಕಬ್ಬಿಣದ ಉಗಿಹಡಗು ಏನು ಹೊತ್ತಿತು, ಏನು ತಿಂದಿತು, ಎಲ್ಲಿ ಸೋತಿತು ಎಂದು ತಿಳಿಯುವ ಆಸೆ ಇರುವವರಿಗಾಗಿ ಬರೆದ ವಿಮರ್ಶೆ ಇದು. ಅಲಂಕಾರ ನೋಡಲು ಹೋಗುವವರಿಗೆ ಬೇರೆ ಬರಹಗಳು ಬೇಕಾದಷ್ಟು ಸಿಗುತ್ತವೆ.

ಜಾಗ ಗ್ಯಾಸ್ ಫೆರಿ ರಸ್ತೆಯ ಗ್ರೇಟ್ ವೆಸ್ಟರ್ನ್ ಡಾಕ್‌ಯಾರ್ಡ್. ಟೆಂಪಲ್ ಮೀಡ್ಸ್ ರೈಲು ನಿಲ್ದಾಣದಿಂದ ನಡೆದರೆ ಸುಮಾರು ಅರ್ಧ ಗಂಟೆ. ಬಂದರಿನೊಳಗೆ ಓಡಾಡುವ ಫೆರಿ ದೋಣಿ ಹಿಡಿದರೆ ಹಡಗಿನ ಹತ್ತಿರವೇ ಇಳಿಸುತ್ತದೆ. ಹಡಗು ಈಗ ನಿಂತಿರುವುದು ತಾನು ಹುಟ್ಟಿದ ಡಾಕ್‌ನಲ್ಲೇ. 1839ರಲ್ಲಿ ಇಲ್ಲಿ ಅಡಿಪಟ್ಟಿ (ಹಡಗಿನ ಬೆನ್ನೆಲುಬು) ಇಟ್ಟರು, 1843ರ ಜುಲೈ 19ರಂದು ರಾಣಿ ವಿಕ್ಟೋರಿಯಾಳ ಗಂಡ ರಾಜಕುಮಾರ ಆಲ್ಬರ್ಟ್ ಎದುರಿನಲ್ಲಿ ನೀರಿಗೆ ಬಿಟ್ಟರು. ದಕ್ಷಿಣ ಅಟ್ಲಾಂಟಿಕ್‌ನ ಫಾಕ್‌ಲ್ಯಾಂಡ್ ದ್ವೀಪಗಳಿಂದ ತೇಲಿಸಿ ತಂದು ಮತ್ತೆ ಇದೇ ಡಾಕ್‌ಗೆ ಸೇರಿಸಿದ್ದು 1970ರ ಜುಲೈ 19ರಂದು, ತಾರೀಕಿಗೆ ತಾರೀಕು 127 ವರ್ಷದ ಮೇಲೆ. ಒಮ್ಮೆ ಕೊಂಡ ಟಿಕೆಟ್ ಒಂದು ವರ್ಷ ನಡೆಯುತ್ತದೆ. ಹಾಗಾಗಿ ಎಲ್ಲವನ್ನೂ ಒಂದೇ ದಿನ ಮುಗಿಸುವ ಹಟ ಬೇಡ. ಮೊದಲ ದಿನ ತಳ ಮತ್ತು ಎಂಜಿನ್, ಇನ್ನೊಮ್ಮೆ ಬಂದಾಗ ಉಳಿದದ್ದು ಎಂದು ಹಂಚಿಕೊಂಡರೆ ನೋಡಿದ್ದು ತಲೆಯಲ್ಲಿ ಉಳಿಯುತ್ತದೆ.

ಡ್ರೈ ಡಾಕ್‌ಗೆ ಇಳಿದ ಮೇಲೆ ಮೊದಲು ತಲೆಯೆತ್ತಿ ನೋಡಿ. ಹಡಗಿನ ನೀರುಗೆರೆಯ ಮಟ್ಟಕ್ಕೆ ಸುತ್ತಲೂ ಗಾಜು ಹೊದಿಸಿ, ಅದರ ಮೇಲೆ ತೆಳುವಾಗಿ ನೀರು ಹರಿಸಿದ್ದಾರೆ. ದಂಡೆಯ ಮೇಲೆ ನಿಂತವರಿಗೆ ಹಡಗು ತೇಲುತ್ತಿರುವಂತೆ ಕಾಣುತ್ತದೆ. ಕೆಳಗಿರುವ ನಮಗೆ ಅದು ಚಾವಣಿ. ಈ ಗಾಜು ಚೆಂದಕ್ಕಾಗಿ ಹಾಕಿದ್ದಲ್ಲ, ಗಾಳಿಯನ್ನು ಒಳಗೆ ಹಿಡಿದಿಡಲು ಹಾಕಿದ್ದು. ಆ ವಿಷಯಕ್ಕೆ ಬರುವ ಮೊದಲು ತಗಡುಗಳನ್ನು ಹತ್ತಿರದಿಂದ ನೋಡುವುದು ಒಳ್ಳೆಯದು.

ಹಡಗಿನ ಉದ್ದ 322 ಅಡಿ, ಅಗಲ 50 ಅಡಿ 6 ಇಂಚು. ಇಷ್ಟು ದೊಡ್ಡ ಒಡಲನ್ನು ಮುಚ್ಚಿರುವ ತಗಡುಗಳು ಮಾತ್ರ ಬಲು ಚಿಕ್ಕವು, ಹೆಚ್ಚುಕಡಿಮೆ 6 ಅಡಿ ಉದ್ದ, ಎರಡೂವರೆ ಅಡಿ ಅಗಲ. ಆಗಿನ ರೋಲಿಂಗ್ ಮಿಲ್‌ಗಳಿಂದ ಸಲೀಸಾಗಿ ಹೊರಬರುತ್ತಿದ್ದದ್ದು ಆ ಅಳತೆಯ ತಗಡೇ. ಒಂದರ ಅಂಚು ಇನ್ನೊಂದರ ಮೇಲೆ ಬರುವಂತೆ ಜೋಡಿಸಿ ರಿವೆಟ್, ಎಂದರೆ ಕಾಯಿಸಿದ ಕಬ್ಬಿಣದ ಮೊಳೆ, ಹೊಡೆದಿದ್ದಾರೆ. ಒಂದು ಜೋಡಣೆಯ ಎದುರು ನಿಂತು ರಿವೆಟ್ ತಲೆಗಳನ್ನು ಸಾಲಾಗಿ ನೋಡಿ. ಒಂದರಂತೆ ಇನ್ನೊಂದಿಲ್ಲ, ಎಲ್ಲವೂ ಕೈಯೇಟಿನಿಂದ ಆದವು. ಒಬ್ಬ ಹುಡುಗ ಕುಲುಮೆಯಲ್ಲಿ ರಿವೆಟ್ ಕಾಯಿಸಿ ಕೊಡುತ್ತಿದ್ದ. ಒಬ್ಬ ಅದನ್ನು ತೂತಿಗೆ ತೂರಿಸಿ ಒಳಗಡೆಯಿಂದ ಭಾರದ ಗುಂಡು ಒತ್ತಿ ಹಿಡಿಯುತ್ತಿದ್ದ. ಹೊರಗಡೆ ಇಬ್ಬರು ಒಬ್ಬರಾದ ಮೇಲೊಬ್ಬರು ಸುತ್ತಿಗೆಯಿಂದ ಬಡಿದು ಬಾಲವನ್ನು ಚಪ್ಪಟೆ ಮಾಡುತ್ತಿದ್ದರು. ರಿವೆಟ್ ತಣ್ಣಗಾಗುತ್ತಾ ಕುಗ್ಗಿ ಎರಡು ತಗಡನ್ನೂ ಬಿಗಿಯಾಗಿ ಎಳೆದುಕೊಳ್ಳುತ್ತದೆ, ಜೋಡಣೆಯ ಜೀವ ಇರುವುದು ಆ ಎಳೆತದಲ್ಲಿ. ತೂತುಗಳು ಎದುರುಬದುರಾಗಿ ಕೂರದಿದ್ದರೆ ರಿವೆಟ್ ಓರೆಯಾಗಿ ತುಂಬುತ್ತದೆ, ಪೂರ್ತಿ ಎಳೆಯುವುದಿಲ್ಲ, ನೀರು ಜಿನುಗುವುದು ಅಲ್ಲಿಂದಲೇ. ಅದಕ್ಕೇ ಕೊನೆಯಲ್ಲಿ ತಗಡಿನ ಅಂಚನ್ನು ಉಳಿಯಿಂದ ಬಡಿದು ಸಂದು ಮುಚ್ಚುತ್ತಿದ್ದರು.

ಇದು ಮೆತು ಕಬ್ಬಿಣ (ರಾಟ್ ಐರನ್). ಉಕ್ಕೂ ಅಲ್ಲ, ಎರಕವೂ ಅಲ್ಲ. ಕಬ್ಬಿಣ ತಯಾರಿಸುವಾಗ ಸೇರುವ ಕಸವಾದ ಕಿಟ್ಟವನ್ನು ಪೂರ್ತಿ ಹೊರಹಾಕಲಾಗದೆ ಅದು ಎಳೆಎಳೆಯಾಗಿ ಒಳಗೇ ಉಳಿದಿರುತ್ತದೆ. ತುಕ್ಕು ಹಿಡಿದಾಗ ಆ ಎಳೆಗಳ ಗುಂಟ ಸೀಳು ಬಿಟ್ಟು ಚಿರೋಟಿಯಂತೆ ಪದರಪದರವಾಗಿ ಏಳುತ್ತದೆ. ಕೆಲವು ತಗಡುಗಳ ಅಂಚಿನಲ್ಲಿ ಈ ಪದರಗಳನ್ನು ಬರಿಗಣ್ಣಿನಿಂದ ನೋಡಬಹುದು. ಮುಟ್ಟಬಾರದು.

ಈಗ ಗಾಳಿಯ ವಿಷಯ. 1937ರಿಂದ 1970ರವರೆಗೆ ಹಡಗು ಫಾಕ್‌ಲ್ಯಾಂಡ್‌ನ ಸ್ಪ್ಯಾರೋ ಕೋವ್‌ನಲ್ಲಿ ಸಮುದ್ರದ ನೀರಿನಲ್ಲೇ ಕೂತಿತ್ತು. ಉಪ್ಪಿನ ಕ್ಲೋರೈಡ್ ತುಕ್ಕಿನ ಪದರಗಳ ಆಳಕ್ಕೆ ಇಳಿದುಬಿಟ್ಟಿತ್ತು. ಮೇಲೆ ಎಷ್ಟು ತಿಕ್ಕಿ ತೊಳೆದು ಬಣ್ಣ ಬಳಿದರೂ ಒಳಗಿನ ಕ್ಲೋರೈಡ್ ಹೋಗುವುದಿಲ್ಲ. ಅದು ಕಬ್ಬಿಣದ ಜೊತೆ ಸೇರಿ ಆಗುವ ಲವಣ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ತುಕ್ಕಾಗುತ್ತದೆ, ಕ್ಲೋರೈಡ್ ಮತ್ತೆ ಬಿಡುಗಡೆಯಾಗಿ ಮುಂದಿನ ಕಬ್ಬಿಣಕ್ಕೆ ಕೈ ಹಾಕುತ್ತದೆ. ಬಣ್ಣದ ಅಡಿಯಲ್ಲೇ ನಡೆಯುವ ಕೆಲಸ ಇದು. 1998ರ ತಪಾಸಣೆಯಲ್ಲಿ, ಹೀಗೇ ಬಿಟ್ಟರೆ ಒಡಲು ಇನ್ನು 25 ವರ್ಷ ಬಾಳುವುದೂ ಕಷ್ಟ ಎಂದು ಗೊತ್ತಾಯಿತು. ಕಾರ್ಡಿಫ್ ವಿಶ್ವವಿದ್ಯಾಲಯದ ಸಂಶೋಧಕರು ನಡೆಸಿದ ಪ್ರಯೋಗಗಳಲ್ಲಿ, ಸಾಪೇಕ್ಷ ತೇವಾಂಶ ಶೇ. 20ರ ಆಸುಪಾಸಿಗೆ ಇಳಿದರೆ ಈ ತುಕ್ಕು ಹೆಚ್ಚುಕಡಿಮೆ ನಿಂತುಹೋಗುತ್ತದೆ ಎಂದು ತಿಳಿದುಬಂತು. ಬ್ರಿಸ್ಟಲ್‌ನ ಹೊರಗಾಳಿಯಲ್ಲಿ ಅದರ ಮೂರು ನಾಲ್ಕು ಪಟ್ಟು ತೇವ ಇರುತ್ತದೆ. ಆದ್ದರಿಂದ 2005ರಲ್ಲಿ ಗಾಜು ಮುಚ್ಚಿ, ತೇವ ಹೀರುವ ಯಂತ್ರಗಳಿಂದ ಒಣಗಿಸಿದ ಗಾಳಿಯನ್ನು ದೊಡ್ಡ ಕೊಳವೆಗಳಲ್ಲಿ ಒಡಲಿನ ಮೇಲೆಯೇ ಬಿಡುವ ವ್ಯವಸ್ಥೆ ಮಾಡಿದರು. ಆ ಕೊಳವೆಗಳನ್ನು ಮರೆಮಾಚದೆ ಕಾಣುವಂತೆ ಬಿಟ್ಟಿರುವುದು ನನಗೆ ತುಂಬ ಹಿಡಿಸಿತು. ಸಂರಕ್ಷಣೆ ಹೇಗೆ ನಡೆಯುತ್ತಿದೆ ಎಂಬುದೇ ಇಲ್ಲಿ ಒಂದು ಪ್ರದರ್ಶನ. ಗಾಳಿ ಬೆಚ್ಚಗೆ, ಬಹಳ ಒಣದಾಗಿ ಇರುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಿಗೆ ಕಣ್ಣು ಉರಿಯಬಹುದು. ಇಳಿಯುವ ಮೊದಲು ನೀರು ಕುಡಿದು, ಕೋಟು ಬಿಚ್ಚಿ ಕೈಯಲ್ಲಿ ಹಿಡಿದುಕೊಳ್ಳಿ.

ಬಲಮಗ್ಗುಲಿಗೆ ಹೋಗಿ ಬಿರುಕು ನೋಡದೆ ಮೇಲೆ ಬರಬೇಡಿ. ಫಾಕ್‌ಲ್ಯಾಂಡ್‌ನಲ್ಲಿ ಈ ಹಡಗು ಉಣ್ಣೆ, ಕಲ್ಲಿದ್ದಲು ತುಂಬಿಡುವ ತೇಲುವ ಗೋದಾಮಾಗಿದ್ದಾಗ, ಸರಕು ಸಾಗಿಸಲು ಸುಲಭವಾಗಲೆಂದು ಪಕ್ಕೆಯಲ್ಲಿ ಬಾಗಿಲು ಕೊರೆದರು. ಒಡಲಿನ ಮೇಲಂಚು ಎಂದರೆ ತೊಲೆಯ ಮೇಲಿನ ಪಟ್ಟಿ ಇದ್ದ ಹಾಗೆ, ಹಡಗು ಬಾಗುವಾಗ ಎಳೆತವೆಲ್ಲ ಬೀಳುವುದು ಅದರ ಮೇಲೆ. ಅಲ್ಲಿ ಚೌಕದ ತೂತು ಮಾಡಿದರೆ ಎಳೆತ ಮೂಲೆಗೆ ಬಂದು ಸೇರುತ್ತದೆ. ನೆಲಕ್ಕೆ ಕೂತ ಮೇಲೆ ತಳದ ಮರಳು ಕೊರೆದುಹೋಗಿ ಆಸರೆ ತಪ್ಪಿತು, ಬಿರುಕು ಕೆಳಮುಖವಾಗಿ ಇಳಿಯಿತು. 1970ರಲ್ಲಿ ಹಡಗನ್ನು ಎತ್ತುವ ಮುಂಚೆ ಅದಕ್ಕೆ ತುರುಕಿದ್ದು ದ್ವೀಪದವರು ಕೊಟ್ಟ ಹಳೆಯ ಹಾಸಿಗೆಗಳನ್ನು. ಉಗಿಹಡಗಿನ ಸರಕು ಜೀವನ ಕಬ್ಬಿಣದ ಮೇಲೆ ಬರೆದುಹೋದ ಗುರುತು ಇದಕ್ಕಿಂತ ನಿಚ್ಚಳವಾಗಿ ಇನ್ನೆಲ್ಲೂ ಸಿಗುವುದಿಲ್ಲ.

ಹಿಂಭಾಗದಲ್ಲಿರುವ ಆರು ರೆಕ್ಕೆಯ ಪ್ರೊಪೆಲ್ಲರ್ ಮತ್ತು ಚುಕ್ಕಾಣಿ ನಕಲು, ಅಳತೆ ಮಾತ್ರ ಮೂಲದ್ದೇ. ಪ್ರೊಪೆಲ್ಲರ್ ವ್ಯಾಸ 15 ಅಡಿ 6 ಇಂಚು. ಈ ಹಡಗಿನ ವಿನ್ಯಾಸ ಮಾಡಿದ ಎಂಜಿನಿಯರ್ ಇಸಂಬಾರ್ಡ್ ಕಿಂಗ್‌ಡಮ್ ಬ್ರೂನೆಲ್ ಮೊದಲು ಯೋಚಿಸಿದ್ದು ಪಕ್ಕೆಯ ಚಕ್ರಗಳ ಹಡಗನ್ನು. 1840ರಲ್ಲಿ ಆರ್ಕಿಮಿಡೀಸ್ ಎಂಬ ಪ್ರೊಪೆಲ್ಲರ್ ಹಡಗು ಬ್ರಿಸ್ಟಲ್‌ಗೆ ಬಂದುಹೋದ ಮೇಲೆ ಇಡೀ ನಕ್ಷೆ ಬದಲಾಯಿತು. ಸರಕು ಹಡಗಿಗೆ ಇದು ದೊಡ್ಡ ಲಾಭ. ಕಲ್ಲಿದ್ದಲು ಉರಿದು ಹಡಗು ಹಗುರಾಗಿ ಮೇಲೇಳುತ್ತಾ ಹೋದಂತೆ ಪಕ್ಕೆಯ ಚಕ್ರ ನೀರಿನಿಂದ ಹೊರಗೆ ಬಂದು ಹಿಡಿತ ಕಳೆದುಕೊಳ್ಳುತ್ತದೆ, ಹೊರಳಾಟದಲ್ಲಿ ಒಂದು ಚಕ್ರ ಮುಳುಗಿ ಇನ್ನೊಂದು ಗಾಳಿಯಲ್ಲಿ ತಿರುಗುತ್ತದೆ. ತಳದಲ್ಲಿರುವ ಪ್ರೊಪೆಲ್ಲರ್‌ಗೆ ಆ ತಾಪತ್ರಯ ಕಡಿಮೆ.

ಮೇಲೆ ಹತ್ತಿದರೆ ಎಂಜಿನ್. ಇದೂ ಪೂರ್ಣ ಅಳತೆಯ ನಕಲೇ, ಮೋಟರ್ ಮೇಲೆ ನಿಧಾನಕ್ಕೆ ತಿರುಗುತ್ತದೆ. ಆದರೂ ಇದರ ಎದುರು ಕಾಲು ಗಂಟೆ ನಿಲ್ಲುವುದು ಸಾರ್ಥಕ. ಮೂಲ ಎಂಜಿನ್ 340 ಟನ್ ತೂಗುತ್ತಿತ್ತು. ನಾಲ್ಕು ಸಿಲಿಂಡರ್, ಪ್ರತಿಯೊಂದರ ಒಳವ್ಯಾಸ 88 ಇಂಚು, ಪಿಸ್ಟನ್ ಚಲಿಸುವ ದೂರ 6 ಅಡಿ. ತಳದಲ್ಲಿ ಓರೆಯಾಗಿ ಕೂತ ಸಿಲಿಂಡರ್‌ಗಳು ಮೇಲಿರುವ ಕ್ರ್ಯಾಂಕ್ ದಂಡವನ್ನು ನಿಮಿಷಕ್ಕೆ 18 ಸುತ್ತು ತಿರುಗಿಸುತ್ತಿದ್ದವು. ಪ್ರೊಪೆಲ್ಲರ್‌ಗೆ ಈ ವೇಗ ಸಾಲದು. ಅದಕ್ಕಾಗಿ 18 ಅಡಿ ವ್ಯಾಸದ ದೊಡ್ಡ ಚಕ್ರದಿಂದ 6 ಅಡಿಯ ಚಿಕ್ಕ ಚಕ್ರಕ್ಕೆ ಹಲ್ಲಿನ ಸರಪಳಿಗಳನ್ನು ಹಾಕಿ ವೇಗವನ್ನು ಸುಮಾರು ಮೂರು ಪಟ್ಟು ಮಾಡಿದರು. ಸರಪಳಿ ಯಾವ ಚಕ್ರದಿಂದ ಎಲ್ಲಿಗೆ ಇಳಿಯುತ್ತದೆ ಎಂದು ಕಣ್ಣಿನಿಂದ ಹಿಂಬಾಲಿಸಿ, ಇಡೀ ಯಂತ್ರ ಅರ್ಥವಾಗುತ್ತದೆ.

ಸಿಲಿಂಡರ್ ಯಾಕೆ ಒಬ್ಬ ಮನುಷ್ಯ ಒಳಗೆ ನಿಲ್ಲುವಷ್ಟು ದೊಡ್ಡದು ಎಂಬ ಪ್ರಶ್ನೆ ಇಲ್ಲಿ ಯಾರಿಗಾದರೂ ಬರಬೇಕು. ಉತ್ತರ ಬಾಯ್ಲರ್‌ನಲ್ಲಿದೆ. ಉರಿಯುವ ಬಾಯ್ಲರ್ ಈಗ ಇಲ್ಲಿಲ್ಲದ ಕಾರಣ ಅದನ್ನು ನಾವೇ ಕಲ್ಪಿಸಿಕೊಳ್ಳಬೇಕು: 34 ಅಡಿ ಉದ್ದ, 31 ಅಡಿ ಅಗಲ, 22 ಅಡಿ ಎತ್ತರದ ಕಬ್ಬಿಣದ ಪೆಟ್ಟಿಗೆ, ಅದಕ್ಕೆ 24 ಒಲೆಗಳು. ಚಪ್ಪಟೆ ಗೋಡೆಯ ಪೆಟ್ಟಿಗೆ ಒತ್ತಡ ತಾಳುವುದಿಲ್ಲ, ಗೋಡೆ ಹೊರಕ್ಕೆ ಉಬ್ಬುತ್ತದೆ. ಹಾಗಾಗಿ ಹಬೆಯ ಒತ್ತಡ ಚದರ ಇಂಚಿಗೆ ಬರೀ 5 ಪೌಂಡ್. ಪಿಸ್ಟನ್ನಿಗೆ ಬಾಯ್ಲರ್‌ನ ಈ ಒತ್ತಡಕ್ಕಿಂತ ಹೆಚ್ಚಾಗಿ ನೆರವಾಗುತ್ತಿದ್ದದ್ದು ಅದರ ಇನ್ನೊಂದು ಬದಿಯ ನಿರ್ವಾತ. ಕಂಡೆನ್ಸರ್‌ನಲ್ಲಿ ಹಬೆಗೆ ತಣ್ಣೀರು ಚಿಮ್ಮಿಸಿ ನೀರಾಗಿಸಿದಾಗ ಉಂಟಾಗುವ ನಿರ್ವಾತದಿಂದಲೇ ಮುಖ್ಯ ಬಲ ಸಿಗುತ್ತಿತ್ತು. ಒತ್ತಡ ಕಡಿಮೆ ಎಂದರೆ ಪಿಸ್ಟನ್ ದೊಡ್ಡದಾಗಲೇಬೇಕು, ಲೆಕ್ಕ ಅಷ್ಟೇ.

ಚಿಮ್ಮಿಸುತ್ತಿದ್ದ ತಣ್ಣೀರು ಸಮುದ್ರದ್ದು. ಬಾಯ್ಲರ್‌ಗೆ ಹೋಗುತ್ತಿದ್ದದ್ದೂ ಅದೇ ಉಪ್ಪುನೀರು. ನೀರು ಹಬೆಯಾಗಿ ಹೋಗುತ್ತದೆ, ಉಪ್ಪು ಉಳಿಯುತ್ತದೆ. ಸುಣ್ಣದ ಲವಣಗಳು ಒಲೆಯ ಮೇಲ್ಭಾಗದ ತಗಡಿಗೆ ಗಟ್ಟಿ ಪೊರೆಯಾಗಿ ಅಂಟುತ್ತವೆ. ಶಾಖ ನೀರಿಗೆ ದಾಟದೆ ತಗಡೇ ಕೆಂಪಗೆ ಕಾದು ಮೆತ್ತಗಾಗಿ ಕುಸಿಯುತ್ತದೆ. ಇದನ್ನು ತಪ್ಪಿಸಲು ಎಂಜಿನಿಯರ್ ಆಗಾಗ ಉಪ್ಪಿನ ಸಾಂದ್ರತೆ ಅಳೆದು, ಮಿತಿ ಮೀರುವ ಮುನ್ನ ಒಂದಿಷ್ಟು ಕುದಿನೀರನ್ನು ಸಮುದ್ರಕ್ಕೆ ಹೊರಬಿಟ್ಟು, ಅಷ್ಟೇ ತಣ್ಣೀರನ್ನು ಒಳಗೆ ಬಿಡಬೇಕು. ಹೊರಗೆ ಹೋದ ಪ್ರತಿ ಬಾಲ್ದಿ ಬಿಸಿನೀರೂ ಸುಟ್ಟ ಕಲ್ಲಿದ್ದಲೇ. ಒಲೆಯ ಮುಂದೆ ನಿಂತವರ ಪಾಡು ಬೇರೆ: ಜಾಳಿಗೆಯ ಮೇಲೆ ಕಲ್ಲಿದ್ದಲನ್ನು ಸಮನಾಗಿ ಹರಡಬೇಕು, ಎಲ್ಲಿ ತೆಳುವಾಯಿತೋ ಅಲ್ಲಿ ತಣ್ಣನೆ ಗಾಳಿ ನುಗ್ಗಿ ಹಬೆ ಇಳಿಯುತ್ತದೆ. ಬೂದಿ ಕರಗಿ ಕಿಟ್ಟ ಕಟ್ಟಿದರೆ ಉದ್ದನೆಯ ಸಲಾಕೆಯಿಂದ ಒಡೆದು ಎಳೆಯಬೇಕು. ಗೋದಾಮಿನಿಂದ ಕಲ್ಲಿದ್ದಲು ತಂದು ಸುರಿಯುವ ಕೆಲಸಕ್ಕೆ ಬೇರೆ ಆಳುಗಳು. ಉಗ್ರಾಣ ಖಾಲಿಯಾಗುತ್ತಾ ಹೋದಂತೆ ಅವರು ನಡೆಯಬೇಕಾದ ದೂರ ಹೆಚ್ಚುತ್ತಿತ್ತು, ಪ್ರಯಾಣದ ಕೊನೆಯ ದಿನಗಳೇ ಅವರಿಗೆ ಕಠಿಣ.

ಹಡಗು 1,200 ಟನ್ ಸರಕು ಹೊರಬಲ್ಲದಾಗಿತ್ತು, ಕಲ್ಲಿದ್ದಲಿಗೂ 1,200 ಟನ್ ಜಾಗ ಬೇಕಿತ್ತು. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟರೆ ಹಡಗನ್ನು ಕಟ್ಟಿಸಿದ ಕಂಪನಿ ಯಾಕೆ ಉಳಿಯಲಿಲ್ಲ ಎಂಬುದು ಅರ್ಧ ತಿಳಿದಂತೆ. ಇನ್ನರ್ಧ ಅಪಘಾತದ್ದು. 1846ರ ಸೆಪ್ಟೆಂಬರ್‌ನಲ್ಲಿ ಐರ್ಲೆಂಡ್‌ನ ಡಂಡ್ರಮ್ ಕೊಲ್ಲಿಯ ಮರಳಿಗೆ ಹತ್ತಿ ಕೂತದ್ದು 1847ರ ಆಗಸ್ಟ್‌ವರೆಗೆ ಏಳಲಿಲ್ಲ. ಮರದ ಹಡಗಾಗಿದ್ದರೆ ಒಂದು ಚಳಿಗಾಲದ ಅಲೆಗಳಲ್ಲೇ ಚೂರಾಗುತ್ತಿತ್ತು. ಕಬ್ಬಿಣದ ಒಡಲು ತಡೆದುಕೊಂಡಿತು. ಕಬ್ಬಿಣದ ಹಡಗಿಗೆ ಸಿಕ್ಕ ದೊಡ್ಡ ಜಾಹೀರಾತು ಅದೇ. ಮಾಲೀಕರು ಮಾತ್ರ ಮುಳುಗಿದರು. ಸುಮಾರು 1,17,000 ಪೌಂಡ್ ಸುರಿದು ಕಟ್ಟಿದ್ದನ್ನು 1850ರಲ್ಲಿ ಗಿಬ್ಸ್, ಬ್ರೈಟ್ ಕಂಪನಿ 25,000 ಪೌಂಡ್‌ಗೆ ಕೊಂಡಿತು.

ಹೊಸ ಮಾಲೀಕರು ಚಿಕ್ಕ ಎಂಜಿನ್ ಹಾಕಿಸಿ, ಹಾಯಿ ಹೆಚ್ಚಿಸಿ, 1852ರಿಂದ ಆಸ್ಟ್ರೇಲಿಯಾಕ್ಕೆ ಓಡಿಸಿದರು. ಆ ದಾರಿಯಲ್ಲಿ ಗಾಳಿ ಪುಕ್ಕಟೆ, ಕಲ್ಲಿದ್ದಲು ದುಬಾರಿ. ಹಾಯಿಯಲ್ಲಿ ಸಾಗುವಾಗ ನಿಂತ ಪ್ರೊಪೆಲ್ಲರ್ ನೀರನ್ನು ತಡೆದು ವೇಗ ಕೊಲ್ಲುತ್ತದೆ ಎಂದು 1857ರಲ್ಲಿ ಅದನ್ನು ಮೇಲಕ್ಕೆತ್ತುವ ಚೌಕಟ್ಟನ್ನು ಅಳವಡಿಸಿದರು. ಡಾಕ್‌ಯಾರ್ಡ್ ಮ್ಯೂಸಿಯಮ್‌ನಲ್ಲಿ ಆ ಚೌಕಟ್ಟನ್ನು ನೋಡಲು ಮರೆಯಬೇಡಿ, ಅದು ಅಸಲಿ. ನಮ್ಮ ಕಡೆಯ ಚರಿತ್ರೆ ಈ ಹಡಗಿಗೆ ತಾಕುವುದೂ ಅದೇ ವರ್ಷ: 1857ರ ಬಂಡಾಯ ಹತ್ತಿಕ್ಕಲು ಬ್ರಿಟಿಷ್ ಸೈನಿಕರನ್ನು ಹೊತ್ತು ಇದು ಮುಂಬೈಗೆ ಬಂದಿತ್ತು.

ಇಲ್ಲಿ ನೋಡಿದ್ದನ್ನು ಅಳೆಯಲು ಬೇರೆ ಎರಡು ಹಡಗುಗಳು ನೆನಪಿನಲ್ಲಿದ್ದರೆ ಒಳ್ಳೆಯದು. 1852ರಲ್ಲಿ ಜಾರೋದ ಪಾಮರ್ ಕಾರ್ಖಾನೆ ಕಟ್ಟಿದ ಜಾನ್ ಬೋವ್ಸ್ ಟೈನ್ ನದಿಯಿಂದ ಲಂಡನ್‌ಗೆ 650 ಟನ್ ಕಲ್ಲಿದ್ದಲು ಸಾಗಿಸಿ ಇಳಿಸಿ ಹಿಂದಿರುಗುವುದಕ್ಕೆ ತೆಗೆದುಕೊಂಡದ್ದು ಐದೇ ದಿನ. ಎರಡು ಹಾಯಿಹಡಗುಗಳಿಗೆ ಅದು ಒಂದು ತಿಂಗಳ ಕೆಲಸ. ದಾರಿ ಗಿಡ್ಡ, ಸರಕೇ ಇಂಧನ, ಖಾಲಿ ಹಡಗು ಹೊಯ್ದಾಡದಂತೆ ತುಂಬುವ ಭಾರಕ್ಕೆ (ಬ್ಯಾಲಸ್ಟ್) ಮರಳಿನ ಬದಲು ನೀರು ಪಂಪ್ ಮಾಡಬಹುದು. ಉಗಿ ಅಲ್ಲಿ ಗೆದ್ದಿತು. ದೂರದ ದಾರಿಯಲ್ಲಿ ಗೆದ್ದದ್ದು 1866ರಲ್ಲಿ, ಹಡಗು ಮಾಲೀಕ ಆಲ್ಫ್ರೆಡ್ ಹೋಲ್ಟ್ ಅವರ ಅಗಮೆಮ್ನಾನ್ ಹಡಗು. ಬಾಯ್ಲರ್ ಒತ್ತಡ ಚದರ ಇಂಚಿಗೆ 60 ಪೌಂಡ್, ಹಬೆಯನ್ನು ಎರಡು ಹಂತದಲ್ಲಿ ದುಡಿಸುವ ಕಾಂಪೌಂಡ್ ಎಂಜಿನ್, ದಿನಕ್ಕೆ ಸುಮಾರು 20 ಟನ್ ಕಲ್ಲಿದ್ದಲು. ಲಿವರ್‌ಪೂಲ್ ಬಿಟ್ಟರೆ 8,500 ಮೈಲಿ ದೂರದ ಮಾರಿಷಸ್‌ವರೆಗೆ ಎಲ್ಲೂ ಕಲ್ಲಿದ್ದಲಿಗೆ ನಿಲ್ಲಬೇಕಾಗಿರಲಿಲ್ಲ. 5 ಪೌಂಡ್‌ನಿಂದ 60 ಪೌಂಡ್‌ಗೆ ಹೋದ ಆ ಇಪ್ಪತ್ತು ಚಿಲ್ಲರೆ ವರ್ಷಗಳಲ್ಲೇ ಉಗಿಹಡಗು ಸರಕು ಹಡಗಾದದ್ದು.

ಗ್ರೇಟ್ ಬ್ರಿಟನ್ ಮಾತ್ರ ಹಿಮ್ಮುಖವಾಗಿ ನಡೆಯಿತು. 1882ರಲ್ಲಿ ಎಂಜಿನ್ ಕಿತ್ತು, ಒಡಲಿಗೆ ಮರದ ಹೊದಿಕೆ ಹಾಕಿ, ಪೂರ್ತಿ ಹಾಯಿಯ ಸರಕು ಹಡಗು ಮಾಡಿದರು. ವೇಲ್ಸ್‌ನ ಕಲ್ಲಿದ್ದಲು ಕೇಪ್ ಹಾರ್ನ್ ಸುತ್ತಿ ಸ್ಯಾನ್ ಫ್ರಾನ್ಸಿಸ್ಕೋಗೆ, ಅಲ್ಲಿಂದ ಗೋಧಿ ಹಿಂದಕ್ಕೆ. ದೂರದ ದಾರಿಯಲ್ಲಿ ಕಲ್ಲಿದ್ದಲು ಅಪಾಯದ ಸರಕು. ಹೊಸದಾಗಿ ಒಡೆದ ಪುಡಿ ಗಾಳಿಯ ಆಮ್ಲಜನಕ ಹೀರಿ ಬಿಸಿಯಾಗುತ್ತದೆ, ರಾಶಿಯ ನಡುವೆ ಆ ಬಿಸಿಗೆ ಹೊರಗೆ ಹೋಗಲು ದಾರಿ ಇರುವುದಿಲ್ಲ. ತಣ್ಣಗಾಗಲಿ ಎಂದು ರಾಶಿಯೊಳಗೆ ಗಾಳಿ ಹಾಯಿಸಿದರೆ ಇನ್ನೂ ಹೊತ್ತಿಕೊಳ್ಳುತ್ತದೆ. ಗಾಳಿ ಆಡಬೇಕಾದದ್ದು ಮೇಲ್ಮೈಯಲ್ಲಿ ಮಾತ್ರ ಎಂದು ಬ್ರಿಟಿಷ್ ರಾಯಲ್ ಕಮಿಷನ್ 1876ರಲ್ಲೇ ಎಚ್ಚರಿಸಿತ್ತು. 1886ರ ಫೆಬ್ರವರಿಯಲ್ಲಿ ಕಲ್ಲಿದ್ದಲು ತುಂಬಿ ಪನಾಮಾಕ್ಕೆ ಹೊರಟ ಈ ಹಡಗಿನಲ್ಲೂ ದಾರಿಯಲ್ಲಿ ಬೆಂಕಿ ಬಿತ್ತು. ಫಾಕ್‌ಲ್ಯಾಂಡ್‌ನ ಸ್ಟ್ಯಾನ್ಲಿ ಬಂದರು ಸೇರಿದಾಗ ದುರಸ್ತಿಯ ಖರ್ಚು ಹಡಗಿನ ಬೆಲೆಗೆ ಮೀರಿತ್ತು, ಅಲ್ಲಿಗೆ ಪ್ರಯಾಣ ಮುಗಿಯಿತು.

ನನ್ನ ತಕರಾರು ಇರುವುದು ಇಲ್ಲೇ. ಹಡಗನ್ನು ಹೊರನೋಟಕ್ಕೆ 1840ರ ದಶಕದ ರೂಪಕ್ಕೆ ತಂದಿದ್ದಾರೆ, ಆರು ಮಾಸ್ಟ್ (ಹಾಯಿಕಂಬ), ಬಣ್ಣ, ಬಾವುಟ ಎಲ್ಲ ಆ ಕಾಲದವು. ತೀರ್ಮಾನ ಅರ್ಥವಾಗುವಂಥದ್ದೇ, ಆದರೆ ಅದರಿಂದ 1882ರ ನಂತರದ ದುಡಿಮೆ ಹಿನ್ನೆಲೆಗೆ ಸರಿದಿದೆ. ಮುಂಭಾಗದ ಸರಕಿನ ಗೂಡಿನಲ್ಲಿ ನಿಂತು ಒಳಗಿನಿಂದ ತಗಡು, ಅಡ್ಡಪಟ್ಟಿಗಳನ್ನು ನೋಡಿದಾಗ ಮಾತ್ರ ಅದು ಮತ್ತೆ ಕೈಗೆ ಸಿಗುತ್ತದೆ. ಹಲವರು ಅಲ್ಲಿ ನಿಲ್ಲದೆ ದಾಟಿಬಿಡುತ್ತಾರೆ. ನೀವು ನಿಲ್ಲಿ.

ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಡಾಕ್‌ನ ತಳಕ್ಕೆ ಇಳಿಯಿರಿ, ಶಾಲೆಯ ಗುಂಪುಗಳು ಬರುವ ಮುಂಚೆ ಬಿರುಕಿನ ಹತ್ತಿರ ನಿಲ್ಲಲು ಜಾಗ ಇರುತ್ತದೆ. ಆಮೇಲೆ ಮ್ಯೂಸಿಯಮ್, ಆಮೇಲೆ ಎಂಜಿನ್, ಕೊನೆಗೆ ಡೆಕ್ ಮತ್ತು ಕ್ಯಾಬಿನ್‌ಗಳು. ಮೂರೂವರೆ ನಾಲ್ಕು ಗಂಟೆ ಇಟ್ಟುಕೊಳ್ಳಿ. ತಳಕ್ಕೆ ಲಿಫ್ಟ್ ಇದೆ, ವಯಸ್ಸಾದ ಅಪ್ಪ ಅಮ್ಮನನ್ನು ಧೈರ್ಯವಾಗಿ ಕರೆದುಕೊಂಡು ಹೋಗಬಹುದು. ಕ್ಯಾಬಿನ್ ಭಾಗದಲ್ಲಿ ವಾಂತಿಯ ವಾಸನೆಯೂ ಸೇರಿ ಆ ಕಾಲದ ವಾಸನೆಗಳನ್ನು ಬೇಕೆಂದೇ ಹರಡಿರುತ್ತಾರೆ, ಹೊಟ್ಟೆ ತೊಳಸುವವರು ಊಟಕ್ಕೆ ಮುಂಚೆಯೇ ಅದನ್ನು ಮುಗಿಸಿಕೊಳ್ಳಲಿ.

ಅಸಲಿ ಎಂಜಿನ್ ಇನ್ನೂ ಒಳಗಿರುವ ವಿಕ್ಟೋರಿಯಾ ಕಾಲದ ಸರಕು ಹಡಗೇ ಬೇಕೆನ್ನುವವರಿಗೆ ಲಂಡನ್‌ನ ರಾಬಿನ್ ಇದೆ. 1890ರಲ್ಲಿ ಥೇಮ್ಸ್‌ಗೆ ಸೇರುವ ಬೋ ಕ್ರೀಕ್‌ನಲ್ಲಿ ಕಟ್ಟಿದ ಚಿಕ್ಕ ಕರಾವಳಿ ಹಡಗು, ಹಬೆಯನ್ನು ಮೂರು ಹಂತದಲ್ಲಿ ದುಡಿಸುವ ಮೂಲ ಎಂಜಿನ್ ಅದರಲ್ಲಿದೆ. ಒಡಲು ಕಬ್ಬಿಣದ್ದಲ್ಲ, ಉಕ್ಕಿನದು. ಅದೂ ನೀರಿನಲ್ಲಿ ತೇಲುವಷ್ಟು ಗಟ್ಟಿ ಉಳಿದಿಲ್ಲವೆಂದು ಇಡೀ ಹಡಗನ್ನು ತೇಲುವ ಕಟ್ಟೆಯ ಮೇಲೆ ಎತ್ತಿ ಕೂರಿಸಿದ್ದಾರೆ. ಒಳಗೆ ಬಿಡುವ ದಿನಗಳು ಬದಲಾಗುತ್ತಿರುತ್ತವೆ, ವಿಚಾರಿಸಿಕೊಂಡೇ ಹೊರಡಿ.